ಎಲೈಟ್ ಇನ್ಫೆಂಟ್ರಿಗೆ ಹೌಸ್ ರೂಲ್ ಬರೆಯೋದು ಹೇಗೆ: ವಾರ್ ಬೋರ್ಡ್ ಗೇಮ್ ಆಡೋರಿಗೆ ಸಮಗ್ರ ಮಾರ್ಗದರ್ಶಿ

ವಾರ್ ಬೋರ್ಡ್ ಗೇಮ್ ಒಂದಷ್ಟು ತಿಂಗಳು ಆಡಿದ ಯಾರಿಗಾದ್ರೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತೆ, ಬೋರ್ಡ್ ತುಂಬಾ ಕಾಲಾಳು ಕಾಯಿಗಳಿವೆ ಆದ್ರೆ ಎಲ್ಲವೂ ಒಂದೇ ಥರ ಯಾಕೆ, ಪ್ಯಾರಾಟ್ರೂಪರ್‌ಗಳು ಎಲ್ಲಿ, ಕಮಾಂಡೋಗಳು ಎಲ್ಲಿ, ಮರೀನ್‌ಗಳು ಎಲ್ಲಿ ಅಂತ. ಆಮೇಲೆ ಒಂದು ಹಾಳೆ ತಗೊಂಡು ಹೌಸ್ ರೂಲ್, ಅಂದ್ರೆ ಆಟದ ಜೊತೆ ಬರದ, ನಾವೇ ಸೇರಿಸ್ಕೊಳ್ಳೋ ನಿಯಮ, ಬರೆಯೋಕೆ ಕೂತ್ಕೋತೀವಿ. ನಾನೂ ಹಂಗೇ ಶುರು ಮಾಡಿದ್ದು. ನನ್ನ ಮೊದಲನೇ ರೂಲ್ ಒಂದೇ ಸಾಲು ಇತ್ತು: ಎಲೈಟ್ ಇನ್ಫೆಂಟ್ರಿ (ಅಂಥ ವಿಶೇಷ ತರಬೇತಿಯ ಕಾಲಾಳು), ಬೆಲೆ 4, ಅಟ್ಯಾಕ್ 3, ಡಿಫೆನ್ಸ್ 3. ಮೂರನೇ ಟರ್ನ್ ಹೊತ್ತಿಗೆ ಟ್ಯಾಂಕ್ ಕೊಳ್ಳೋರೇ ಇರ್ಲಿಲ್ಲ, ಎರಡೂ ಕಡೆ ಬರೀ ಎಲೈಟ್ ಕಾಯಿಗಳೇ ಸಾಲಾಗಿ ನಿಂತಿದ್ವು. ಎಲ್ರೂ ಎಲೈಟ್ ಆದ್ಮೇಲೆ ಎಲೈಟ್ ಅನ್ನೋ ಮಾತಿಗೇ ಅರ್ಥ ಉಳಿಯಲ್ಲ ಅಲ್ವಾ.

ಅವತ್ತಿಂದ ಇವತ್ತಿನವರೆಗೆ ಈ ಒಂದು ವಿಷಯದ ಮೇಲೆ ತುಂಬಾ ರೂಲ್ ಬರೆದಿದೀನಿ, ಹರಿದು ಹಾಕಿದೀನಿ, ಮತ್ತೆ ಬರೆದಿದೀನಿ. ನನಗೆ ಖಾತ್ರಿಯಾಗಿರೋದು ಇಷ್ಟು: ಎಲೈಟ್ ಯೂನಿಟ್‌ನ ದೊಡ್ಡದು ಮಾಡೋದು ಅದರ ನಂಬರ್ ಅಲ್ಲ. ಬೇರೆ ಯಾವ ಕಾಯಿಯೂ ಮಾಡಕ್ಕಾಗದ ಒಂದು ಕೆಲಸ ಅದು ಮಾಡಬೇಕು, ಮತ್ತೆ ಅದು ಸತ್ತಾಗ ಅದರ ಜಾಗಕ್ಕೆ ಇನ್ನೊಂದು ಸುಲಭವಾಗಿ ಸಿಗಬಾರದು. ಇವೆರಡು ಇದ್ರೆ ಮಿಕ್ಕಿದ್ದು ಹೊಂದಿಸ್ಕೋಬಹುದು.

ಉದಾಹರಣೆಗೆ ಒಂದು ಆಟ ಬೇಕಲ್ಲ, ಲೆಕ್ಕಕ್ಕೆಲ್ಲ ನಾನು ಎರಡನೇ ಮಹಾಯುದ್ಧದ ಬೋರ್ಡ್ ಗೇಮ್ ಆಕ್ಸಿಸ್ ಅಂಡ್ ಅಲೈಸ್‌ನ ಈಚಿನ ಎಡಿಷನ್‌ಗಳ ನಂಬರ್ ತಗೋತೀನಿ, ತುಂಬಾ ಜನಕ್ಕೆ ಗೊತ್ತಿರೋದು ಅದೇ. ಇನ್ಫೆಂಟ್ರಿ ಬೆಲೆ 3, ಅಟ್ಯಾಕ್ 1, ಡಿಫೆನ್ಸ್ 2. ಆರ್ಟಿಲರಿ (ಫಿರಂಗಿ ಪಡೆ) ಬೆಲೆ 4, ಅಟ್ಯಾಕ್ 2, ಡಿಫೆನ್ಸ್ 2, ಜೊತೆಗಿರೋ ಒಂದು ಇನ್ಫೆಂಟ್ರಿಯ ಅಟ್ಯಾಕನ್ನೂ 2 ಮಾಡುತ್ತೆ. ಟ್ಯಾಂಕ್ ಬೆಲೆ 6, ಅಟ್ಯಾಕ್ 3, ಡಿಫೆನ್ಸ್ 3, ಎರಡು ಮನೆ ನಡೆಯುತ್ತೆ. ಆರು ಮುಖದ ದಾಳ, ಆ ನಂಬರ್ ಅಥವಾ ಅದಕ್ಕಿಂತ ಕಮ್ಮಿ ಬಿದ್ರೆ ಹಿಟ್. ನಿಮ್ಮ ಆಟ ಬೇರೆ ಆಗಿದ್ರೂ ಪರವಾಗಿಲ್ಲ, ದಾರಿ ಒಂದೇ.

ಹೆಜ್ಜೆ 1: ನಂಬರ್ ಮುಟ್ಟಬೇಡಿ, ಮೊದಲು ಒಂದು ವಾಕ್ಯ ಬರೀರಿ

"ಈ ಯೂನಿಟ್ ಇರೋದ್ರಿಂದ ಆಡೋನು ಇದುವರೆಗೂ ಮಾಡಕ್ಕಾಗದೇ ಇದ್ದ ____ ಮಾಡಬಹುದು." ಈ ಖಾಲಿ ಜಾಗ ತುಂಬಿಸಿ. "ಜೋರಾಗಿ ಹೊಡೀಬಹುದು" ಅಂತ ಬರೆದ್ರೆ ಅದು ಉತ್ತರ ಅಲ್ಲ, ಜೋರಾಗಿ ಹೊಡೆಯೋಕೆ ಟ್ಯಾಂಕ್ ಇದೆ.

ಇತಿಹಾಸ ನೋಡಿದ್ರೆ ಈ ಖಾಲಿ ಜಾಗಕ್ಕೆ ಉತ್ತರ ಸಿಗುತ್ತೆ. 1940ರ ಮೇ 10ನೇ ತಾರೀಖು ಜರ್ಮನ್ ಸೈನಿಕರು ಸುಮಾರು 85 ಜನ ಗ್ಲೈಡರ್‌ಗಳಲ್ಲಿ (ಎಂಜಿನ್ ಇಲ್ಲದ ವಿಮಾನ) ಬಂದು ಬೆಲ್ಜಿಯಂನ ಎಬೆನ್ ಎಮೆಲ್ ಕೋಟೆಯ ತಲೆ ಮೇಲೇ ಇಳಿದ್ರು, ಒಳಗೆ ನೂರಾರು ಜನ ಸೈನಿಕರಿದ್ರು, ಆದ್ರೂ ಮಾರನೇ ದಿನ ಕೋಟೆ ಶರಣಾಯ್ತು. 1944ರ ಜೂನ್ 6ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಬ್ರಿಟಿಷ್ ಗ್ಲೈಡರ್‌ಗಳು ಫ್ರಾನ್ಸ್‌ನ ಕಾನ್ ಕಾಲುವೆಯ ಸೇತುವೆ ಪಕ್ಕದಲ್ಲೇ ಬಂದು ಇಳಿದ್ವು, ಆಮೇಲೆ ಪೆಗಾಸಸ್ ಬ್ರಿಡ್ಜ್ ಅಂತ ಹೆಸರಾಯ್ತಲ್ಲ ಅದು, ಹತ್ತು ನಿಮಿಷದಲ್ಲಿ ಸೇತುವೆ ಕೈಗೆ ಬಂತು. ಅದೇ ದಿನ ಬೆಳಿಗ್ಗೆ ಫ್ರಾನ್ಸ್ ಕರಾವಳಿಯ ಪಾಯಿಂಟ್ ಡು ಹಾಕ್‌ನಲ್ಲಿ ಸುಮಾರು 225 ಅಮೆರಿಕನ್ ರೇಂಜರ್‌ಗಳು (ಕಮಾಂಡೊ ಥರದ ಸೈನಿಕರು) ಮೂವತ್ತು ಮೀಟರ್ ಎತ್ತರದ ಕಡಿದಾದ ಬಂಡೆಯನ್ನ ಹಗ್ಗ ಏಣಿ ಹಿಡಿದು ಹತ್ತಿದ್ರು.

ಈ ಮೂರರಲ್ಲೂ ಏನು ಸಾಮಾನ್ಯ ನೋಡಿ. ಅವರ ಬಂದೂಕು ಬೇರೆಯವರದ್ದಕ್ಕಿಂತ ಜೋರಾಗಿ ಹೊಡೀತಿತ್ತು ಅನ್ನೋದಲ್ಲ. "ಇಲ್ಲಿಗೆ ಯಾರೂ ಬರಕ್ಕಾಗಲ್ಲ" ಅಂತ ಎದುರಾಳಿ ಅಂದ್ಕೊಂಡಿದ್ದ ಜಾಗಕ್ಕೆ ಅವರು ಬಂದ್ರು. ಹಂಗಾಗಿ ಎಲೈಟ್ ರೂಲ್‌ನ ಜೀವ ಮುಕ್ಕಾಲು ಪಾಲು ಸಲ ಎಲ್ಲಿಗೆ, ಯಾವಾಗ, ಹೇಗೆ ಹೋಗಬಹುದು ಅನ್ನೋದ್ರಲ್ಲಿ ಇರುತ್ತೆ, ಹೊಡೆತದಲ್ಲಿ ಅಲ್ಲ.

ಹೆಜ್ಜೆ 2: ನಿಮ್ಮ ಆಟದಲ್ಲಿ ಒಂದು ಕಾಯಿ ಅಂದ್ರೆ ಎಷ್ಟು ಜನ?

ಇದನ್ನ ಕೇಳ್ಕೊಳ್ಳದೇ ರೂಲ್ ಬರೆಯೋರೇ ಜಾಸ್ತಿ. ಇಡೀ ಯುರೋಪ್ ಒಂದು ಬೋರ್ಡ್‌ನಲ್ಲಿ ಇರೋ ಆಟದಲ್ಲಿ ಒಂದು ಇನ್ಫೆಂಟ್ರಿ ಕಾಯಿ ಅಂದ್ರೆ ಹತ್ತಾರು ಸಾವಿರ ಜನ. ಅಲ್ಲಿ "ಒಂದು ಕಮಾಂಡೊ ತಂಡ" ಅನ್ನೋ ಕಾಯಿ ಇಟ್ಟು ಅದಕ್ಕೆ ಟ್ಯಾಂಕ್ ಸೈನ್ಯದ ಜೊತೆ ಸಮ ಸಮ ಹೊಡೆದಾಡೋ ಶಕ್ತಿ ಕೊಟ್ರೆ ಸರಿ ಕಾಣಲ್ಲ. ಅಂಥ ಆಟಕ್ಕೆ ಪ್ಯಾರಾ ಡಿವಿಷನ್, ಮರೀನ್ ಡಿವಿಷನ್ ಥರದ್ದು ಒಪ್ಪುತ್ತೆ, ಅದೂ ದೇಶಕ್ಕೆ ಒಂದೋ ಎರಡೋ. ಕಮಾಂಡೊ ದಾಳಿ ಬೇಕೇ ಬೇಕು ಅಂದ್ರೆ ಕಾಯಿ ಮಾಡಬೇಡಿ, ಒಂದು ಸಲ ಬಳಸೋ ಕಾರ್ಡ್ ಮಾಡಿ.

ಒಂದು ಕಾಯಿ ಅಂದ್ರೆ ಹತ್ತು ಜನರ ಸ್ಕ್ವಾಡ್ ಆಗಿರೋ ಆಟದಲ್ಲಿ ಕಥೆನೇ ಬೇರೆ. ಅಲ್ಲಿ ಎಲೈಟ್‌ನ ಬೇರೆ ಮಾಡೋದು ಮೊರೇಲ್, ಅಂದ್ರೆ ಗುಂಡು ಬೀಳ್ತಿದ್ರೂ ಓಡಿಹೋಗದೇ ನಿಲ್ಲೋ ಗಟ್ಟಿತನ. 1977ರಲ್ಲಿ ಅವಲಾನ್ ಹಿಲ್ ಕಂಪನಿ ತಂದ ಸ್ಕ್ವಾಡ್ ಲೀಡರ್‌ನ ಪರಂಪರೆಯ ಆಟಗಳಲ್ಲಿ ಎರಡು ದಾಳ ಹಾಕಿ ಮೊರೇಲ್ ನಂಬರ್ ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಪಾಸ್. ಇದರ ಲೆಕ್ಕ ಒಂದ್ಸಲ ಮಾಡಿ ನೋಡಿ: ಮೊರೇಲ್ 6 ಇದ್ರೆ ಪಾಸ್ ಆಗೋ ಸಾಧ್ಯತೆ ಶೇಕಡಾ 42, 7 ಇದ್ರೆ 58, 8 ಇದ್ರೆ 72, 9 ಇದ್ರೆ 83, 10 ಇದ್ರೆ 92. ಅಂದ್ರೆ 6ನ್ನ 7 ಮಾಡಿದಾಗ 16-17 ಅಂಶ ಏರುತ್ತೆ, 9ನ್ನ 10 ಮಾಡಿದಾಗ ಬರೀ 8-9ರಷ್ಟು. ಒಂದೇ "+1" ಕೊಟ್ಟೆ ಅಂದ್ಕೋತೀವಿ, ಆದ್ರೆ ಯಾರಿಗೆ ಕೊಟ್ವಿ ಅನ್ನೋದ್ರ ಮೇಲೆ ಅದರ ಬೆಲೆ ಹೆಚ್ಚುಕಮ್ಮಿ ಎರಡರಷ್ಟು ವ್ಯತ್ಯಾಸ ಆಗುತ್ತೆ. ದುರ್ಬಲ ಸೈನ್ಯದ ಒಳ್ಳೇ ಸ್ಕ್ವಾಡ್‌ಗೆ ಕೊಟ್ಟ +1 ಕಣ್ಣಿಗೆ ಕಾಣುತ್ತೆ, ಮೊದಲೇ ಗಟ್ಟಿ ಇರೋರಿಗೆ ಕೊಟ್ಟಿದ್ದು ಅಷ್ಟಾಗಿ ಕಾಣಲ್ಲ.

ಹೆಜ್ಜೆ 3: ಒಂದೇ ಒಂದು ಶಕ್ತಿ ಆರಿಸ್ಕೊಳ್ಳಿ

ಈ ವಿಷಯಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಮೆಮ್ವಾರ್ '44, 2004ರಲ್ಲಿ ಬಂದ ರಿಚರ್ಡ್ ಬೋರ್ಗ್ ಅವರ ಆಟ. ಅದರಲ್ಲಿ ಮಾಮೂಲಿ ಇನ್ಫೆಂಟ್ರಿ ಒಂದು ಮನೆ ನಡೆದು ಹೊಡೀಬಹುದು, ಅಥವಾ ಎರಡು ಮನೆ ನಡೆದು ಹೊಡೆಯದೇ ಸುಮ್ನಿರಬೇಕು. ಸ್ಪೆಷಲ್ ಫೋರ್ಸ್ ಎರಡು ಮನೆ ನಡೆದೂ ಹೊಡೀಬಹುದು. ಅಷ್ಟೇ, ಮುಗೀತು. ದಾಳಗಳ ಸಂಖ್ಯೆ ಅದೇ, ಕಾಯಿಗಳ ಸಂಖ್ಯೆ ಅದೇ. ಆದ್ರೆ ಆ ಒಂದು ಸಾಲಿನಿಂದ ಎದುರಾಳಿ ತನ್ನ ಸುರಕ್ಷಿತ ದೂರ ಅಂತ ಅಂದ್ಕೊಂಡಿದ್ದ ಲೆಕ್ಕವೆಲ್ಲ ತಲೆಕೆಳಗಾಗುತ್ತೆ, ಕಾಡಿನ ಹಿಂದೆ ಅಡಗಿಸಿದ್ದ ಯೂನಿಟ್‌ಗೂ ಏಟು ಬೀಳುತ್ತೆ. ರೂಲ್ ಅಂದ್ರೆ ಹಿಂಗಿರಬೇಕು, ಒಮ್ಮೆ ಕೇಳಿದ್ರೆ ಮತ್ತೆ ಹಾಳೆ ನೋಡೋ ಹಂಗಿರಬಾರದು.

ಆರಿಸ್ಕೊಳ್ಳೋಕೆ ಏನೇನಿದೆ ಅಂದ್ರೆ, ಬರೋ ದಾರಿ (ಆಕಾಶದಿಂದ, ಸಮುದ್ರದಿಂದ, ಬೆಟ್ಟ ಹತ್ತಿ), ನಡೆ, ಮೊರೇಲ್, ಕಾಡು ನದಿ ಕೆಸರಿನಂಥ ನೆಲದ ದಂಡ ಇಲ್ಲದಿರೋದು, ಮೊದಲ ಏಟು. ಮೊದಲ ಏಟಿನ ಬಗ್ಗೆ ಸ್ವಲ್ಪ ಹೇಳ್ತೀನಿ ಯಾಕಂದ್ರೆ ಅದು ನೋಡೋಕೆ ಚಿಕ್ಕದು, ಒಳಗೆ ದೊಡ್ಡದು. ಎಲೈಟ್ ಹೊಡೆದು ಕೊಂದ ಕಾಯಿ ತಿರುಗಿ ಹೊಡೆಯೋ ಮೊದಲೇ ಬೋರ್ಡ್‌ನಿಂದ ಹೋಗುತ್ತೆ ಅಂತ ರೂಲ್ ಮಾಡಿದ್ರೆ, ಪ್ರತಿ ರೌಂಡ್‌ಗೂ ಅದು ಸೇರ್ತಾ ಹೋಗುತ್ತೆ, ಎದುರಾಳಿ ಎಷ್ಟು ದಾಳ ಕಳ್ಕೊಂಡ ಅಂತ ಅವನಿಗೇ ಗೊತ್ತಾಗಲ್ಲ. ಕೊಡೋದೇ ಆದ್ರೆ ಮೊದಲ ರೌಂಡ್‌ಗೆ ಮಾತ್ರ ಕೊಡಿ. ದಿಢೀರ್ ದಾಳಿ ಅನ್ನೋದು ಒಂದೇ ಸಲ ಆಗೋದು ಅಲ್ವಾ, ಎರಡನೇ ರೌಂಡ್‌ಗೆ ಎಲ್ರಿಗೂ ಗೊತ್ತಾಗಿರುತ್ತೆ.

ಎರಡು ಶಕ್ತಿ ಕೊಡ್ಲೇಬೇಕು ಅಂತ ಮನಸ್ಸು ಎಳೆದ್ರೆ ಎರಡು ಬೇರೆ ಬೇರೆ ಯೂನಿಟ್ ಮಾಡಿ. ಮರೀನ್‌ಗೆ ಸಮುದ್ರದಿಂದ ಇಳಿಯುವಾಗ ಅಟ್ಯಾಕ್ 2, ಮೌಂಟೇನ್ ಟ್ರೂಪ್‌ಗೆ ಬೆಟ್ಟದಲ್ಲಿ ಡಿಫೆನ್ಸ್ 3, ಹಿಂಗೆ.

ಹೆಜ್ಜೆ 4: ಬೆಲೆ ಕಟ್ಟೋ ಲೆಕ್ಕ

ಇದು ಈ ಇಡೀ ಕೆಲಸದ ಬೆನ್ನೆಲುಬು, ದಯವಿಟ್ಟು ಹಾರಿಸ್ಬೇಡಿ. ಪೆನ್ನು ಹಾಳೆ ಸಾಕು.

ಕಾಯಿಗಳ ಸಂಖ್ಯೆ ಎರಡರಷ್ಟು ಆದ್ರೆ ಶಕ್ತಿ ಎರಡರಷ್ಟು ಆಗಲ್ಲ, ನಾಲ್ಕರಷ್ಟಾಗುತ್ತೆ. ಯಾಕಂದ್ರೆ ಎರಡರಷ್ಟು ದಾಳ ಹಾಕ್ತೀರಿ, ಜೊತೆಗೆ ಎರಡರಷ್ಟು ಏಟು ತಡ್ಕೋತೀರಿ. ಬ್ರಿಟಿಷ್ ಎಂಜಿನಿಯರ್ ಲ್ಯಾಂಚೆಸ್ಟರ್ ಮೊದಲನೇ ಮಹಾಯುದ್ಧದ ಕಾಲದಲ್ಲಿ ಬರೆದ ವರ್ಗದ ನಿಯಮ ಇದೇ. ಬಕೆಟ್‌ಗಟ್ಟಲೆ ದಾಳ ಹಾಕೋ ನಮ್ಮ ಆಟಗಳಿಗೆ ಇದು ಚೆನ್ನಾಗಿ ಕೂರುತ್ತೆ. ಸೂತ್ರ: ಕಾಯಿಗಳ ಸಂಖ್ಯೆ × ಕಾಯಿಗಳ ಸಂಖ್ಯೆ × ಹಿಟ್ ನಂಬರ್ × ಒಂದು ಕಾಯಿ ತಡ್ಕೊಳ್ಳೋ ಏಟು.

ಈಗ ಕೈಯಲ್ಲಿ 60 ಪಾಯಿಂಟ್ (ಆಟದ ದುಡ್ಡು) ಇದೆ ಅಂದ್ಕೊಳ್ಳಿ.

ಇನ್ಫೆಂಟ್ರಿ 20 ಬರುತ್ತೆ. ಅಟ್ಯಾಕ್ 20×20×1 = 400, ಡಿಫೆನ್ಸ್ 20×20×2 = 800.
ಟ್ಯಾಂಕ್ 10 ಬರುತ್ತೆ. ಅಟ್ಯಾಕ್ 300, ಡಿಫೆನ್ಸ್ 300.
ನನ್ನ ಆ ಹಳೇ ಎಲೈಟ್, ಬೆಲೆ 4ಕ್ಕೆ 3-3, 15 ಬರುತ್ತೆ. ಅಟ್ಯಾಕ್ 675, ಡಿಫೆನ್ಸ್ 675.

300 ಎಲ್ಲಿ, 675 ಎಲ್ಲಿ. ಟ್ಯಾಂಕ್ ಯಾಕೆ ಯಾರೂ ಕೊಳ್ಳಲಿಲ್ಲ ಅಂತ ಈಗ ಗೊತ್ತಾಯ್ತಲ್ಲ, ಈ ಮೂರು ಸಾಲಿನ ಲೆಕ್ಕ ಅವತ್ತು ಆಟಕ್ಕೆ ಮೊದಲೇ ಮಾಡಿದ್ರೆ ಒಂದು ಇಡೀ ಭಾನುವಾರ ಉಳೀತಿತ್ತು.

ಇನ್ನೊಂದು ತುಂಬಾ ಜನ ಬರೆಯೋ ರೂಲ್ ಇದೆ, ಎಲೈಟ್‌ಗೆ ನಂಬರ್ ಅದೇ 1-2, ಆದ್ರೆ ಎರಡು ಏಟು ತಡ್ಕೊಳ್ಳುತ್ತೆ, ಬೆಲೆ 4. ಸಾಧು ಥರ ಕಾಣುತ್ತೆ. ಲೆಕ್ಕ ಹಾಕಿ: ಅಟ್ಯಾಕ್ 15×15×1×2 = 450, ಡಿಫೆನ್ಸ್ 15×15×2×2 = 900. ಎರಡರಲ್ಲೂ ಮಾಮೂಲಿ ಇನ್ಫೆಂಟ್ರಿನ ಮೀರಿಸ್ತು, ಅಂದ್ರೆ ಇನ್ನು ಮೇಲೆ ಮಾಮೂಲಿ ಇನ್ಫೆಂಟ್ರಿ ಕೊಳ್ಳೋದೇ ದಡ್ಡತನ. ಅದ್ರ ಮೇಲೆ ಏಟು ತಿಂದ ಕಾಯಿ ಟರ್ನ್ ಕೊನೆಗೆ ಪುಕ್ಕಟೆ ವಾಸಿಯಾಗುತ್ತೆ ಅಂತ ಬೇರೆ ಬರೆದ್ರೆ ಮುಗೀತು ಕಥೆ, ಪ್ರತಿ ಯುದ್ಧದಲ್ಲೂ ಮೊದಲ ಒಂದಷ್ಟು ಏಟು ಬಿಟ್ಟಿ. ಎರಡು ಏಟಿನ ಕಾಯಿ ಬೇಕಾದ್ರೆ ಬೆಲೆ 5 ಇಡಿ, ವಾಸಿಯಾಗಬೇಕಂದ್ರೆ ಫ್ಯಾಕ್ಟರಿ ಇರೋ ಮನೆಗೆ ವಾಪಸ್ ಬರಬೇಕು ಅಂತ ಮಾಡಿ.

ಈಗ ನಾನು ಒಪ್ಪೋ ನಂಬರ್: ಅಟ್ಯಾಕ್ 2, ಡಿಫೆನ್ಸ್ 3. ಬೆಲೆ 4 ಇಟ್ರೆ 60ಕ್ಕೆ 15 ಕಾಯಿ, ಅಟ್ಯಾಕ್ 450, ಡಿಫೆನ್ಸ್ 675. ಬೆಲೆ 5 ಇಟ್ರೆ 12 ಕಾಯಿ, ಅಟ್ಯಾಕ್ 288, ಡಿಫೆನ್ಸ್ 432. ಇದನ್ನ ಬರೀ ಇನ್ಫೆಂಟ್ರಿ ಜೊತೆ ಹೋಲಿಸ್ಬೇಡಿ, ಆಟ ಬಲ್ಲೋರು ಕೊಳ್ಳೋದು ಇನ್ಫೆಂಟ್ರಿ-ಆರ್ಟಿಲರಿ ಜೋಡಿ. ಒಂದು ಜೋಡಿಗೆ 7, ಅಂದ್ರೆ 56ಕ್ಕೆ 8 ಜೋಡಿ, 16 ಕಾಯಿ, ಎಲ್ಲವೂ 2ಕ್ಕೆ ಹೊಡೆಯುತ್ತೆ, ಅಟ್ಯಾಕ್ ಡಿಫೆನ್ಸ್ ಎರಡೂ 512. ಅದೇ 56ಕ್ಕೆ ಬೆಲೆ 4ರ ಎಲೈಟ್ 14 ಬರುತ್ತೆ, ಅಟ್ಯಾಕ್ 392, ಡಿಫೆನ್ಸ್ 588. ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ. ಹಾಗಾಗಿ ಯಾವ ವಿಶೇಷ ಶಕ್ತಿಯೂ ಇಲ್ಲದ 2-3 ಕಾಯಿಗೆ 4 ಸರಿಯಾದ ಬೆಲೆ.

ಆದ್ರೆ ನಮಗೆ ಬೇಕಿರೋದು ಶಕ್ತಿ ಇರೋ ಕಾಯಿ. ಅದಕ್ಕೆ ನಾನು 5 ಇಡ್ತೀನಿ. 5ಕ್ಕೆ ಅದು ನೇರ ಹೊಡೆದಾಟದಲ್ಲಿ ಸೋಲುತ್ತೆ, ಬೇಕಂತಲೇ ಹಂಗೆ ಇಟ್ಟಿರೋದು. ಬರೀ ಸಾಲಲ್ಲಿ ನಿಲ್ಸೋಕೆ ಯಾರೂ ಇದನ್ನ ಕೊಳ್ಳಬಾರದು, ಆ ಒಂದು ಕೆಲಸಕ್ಕೆ ಮಾತ್ರ ಕೊಳ್ಳಬೇಕು. ಎಲೈಟ್ ಬೆಲೆ ಸರಿಯಿದ್ಯಾ ಅಂತ ನೋಡೋ ನನ್ನ ಪರೀಕ್ಷೆ ಇದೇ: ಶಕ್ತಿ ಬಳಸದೇ ಇದ್ರೆ ನಷ್ಟ, ಬಳಸಿದ್ರೆ ಲಾಭ.

ಸೂತ್ರಕ್ಕೆ ಸಿಗದ ಒಂದು ವಿಷಯ ಜಾಗ. ಆಕ್ಸಿಸ್ ಅಂಡ್ ಅಲೈಸ್‌ನಲ್ಲಿ ಸೈನ್ಯ ಸಾಗಿಸೋ ಹಡಗಲ್ಲಿ ಸೀಟು ಎರಡೇ, ಒಂದು ಇನ್ಫೆಂಟ್ರಿಗೆ, ಇನ್ನೊಂದು ಯಾವ್ದಾದ್ರೂ ನೆಲದ ಕಾಯಿಗೆ. ಅಲ್ಲಿ ದುಡ್ಡಿಗಿಂತ ಸೀಟು ಮುಖ್ಯ. ಎಲೈಟ್ ಇನ್ಫೆಂಟ್ರಿ ಸೀಟಲ್ಲೇ ಕೂರುತ್ತೆ ಅಂದ್ರೆ ಇನ್ಫೆಂಟ್ರಿ ಪ್ಲಸ್ ಟ್ಯಾಂಕ್ ಹೋಗ್ತಿದ್ದ ಹಡಗಲ್ಲಿ ಎಲೈಟ್ ಪ್ಲಸ್ ಟ್ಯಾಂಕ್ ಹೋಗುತ್ತೆ, ಅಟ್ಯಾಕ್ 4 ಇದ್ದಿದ್ದು 5 ಆಯ್ತು, ದ್ವೀಪಗಳ ಯುದ್ಧದಲ್ಲಿ ಇದು ದೊಡ್ಡ ವಿಷಯ. ಒಂದು ಮನೆಯಲ್ಲಿ ಇಷ್ಟೇ ಕಾಯಿ ನಿಲ್ಲಬಹುದು ಅನ್ನೋ ಮಿತಿ ಇರೋ ಆಟಗಳಲ್ಲೂ ಇದೇ ತೊಂದರೆ ಬರುತ್ತೆ, ಅಲ್ಲಿ ಇನ್ನೊಂದು ಪಾಯಿಂಟ್ ಜಾಸ್ತಿ ಮಾಡೋದು ಒಳ್ಳೇದು.

ಹೆಜ್ಜೆ 5: ಸತ್ತರೆ ಸುಲಭಕ್ಕೆ ಸಿಗಬಾರದು

1944ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ 1ನೇ ಏರ್‌ಬೋರ್ನ್ (ವಿಮಾನದಿಂದ ಇಳಿಯೋ) ಡಿವಿಷನ್ ನೆದರ್‌ಲ್ಯಾಂಡ್ಸ್‌ನ ಆರ್ನೆಮ್‌ನಲ್ಲಿ ಇಳೀತು. ಸುಮಾರು 10,000 ಜನ ಹೋದ್ರು, ರೈನ್ ನದಿ ದಾಟಿ ವಾಪಸ್ ಬಂದೋರು ಸುಮಾರು 2,400. ಅವರಿಗೆ ಆಸರೆಯಾಗಿ ರಸ್ತೆಯಲ್ಲಿ ಬರಬೇಕಿದ್ದ ಟ್ಯಾಂಕ್‌ಗಳು ಆರ್ನೆಮ್‌ನ ಸೇತುವೆ ತನಕ ಬರಲೇ ಇಲ್ಲ. ಪಾಯಿಂಟ್ ಡು ಹಾಕ್ ಹತ್ತಿದ ಆ 225 ಜನರಲ್ಲಿ ಎರಡು ದಿನ ಆದ್ಮೇಲೆ ಬಂದೂಕು ಹಿಡಿಯೋ ಸ್ಥಿತಿಯಲ್ಲಿ ಇದ್ದೋರು ಸುಮಾರು 90. 1941ರ ಮೇನಲ್ಲಿ ಕ್ರೀಟ್ ದ್ವೀಪವನ್ನ ಜರ್ಮನ್ ಪ್ಯಾರಾಟ್ರೂಪರ್‌ಗಳು ಗೆದ್ದೇನೋ ಗೆದ್ರು, ಆದ್ರೆ ಸತ್ತೋರ ಸಂಖ್ಯೆ ನೋಡಿ ಹಿಟ್ಲರ್ ಮತ್ತೆ ಅಂಥ ದೊಡ್ಡ ಏರ್‌ಬೋರ್ನ್ ದಾಳಿಗೆ ಒಪ್ಪಲೇ ಇಲ್ಲ. 1943ರಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್ ಅವರ ಚಿಂದಿಟ್ ಅನ್ನೋ ವಿಶೇಷ ಪಡೆಯೋರು ಸುಮಾರು 3,000 ಜನ ಬರ್ಮಾ ಕಾಡಿನೊಳಗೆ ಹೋಗಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಮಾತ್ರ ಬಂದ್ರು, ಬಂದೋರಲ್ಲೂ ನೂರಾರು ಜನ ಮತ್ತೆ ಯುದ್ಧಕ್ಕೆ ಹೋಗೋ ಹಂಗಿರ್ಲಿಲ್ಲ.

ಈ ನೋವು ರೂಲ್‌ನಲ್ಲಿ ಇಲ್ಲ ಅಂದ್ರೆ ಎಲೈಟ್ ಅನ್ನೋದು ಬರೀ ದುಬಾರಿ ಇನ್ಫೆಂಟ್ರಿ. ಇದನ್ನ ತರೋಕೆ ಮೂರು ದಾರಿ ನಾನು ಆಡಿ ನೋಡಿದೀನಿ. ಮೊದಲನೇದು ಮಿತಿ, ಯಾವ ಹೊತ್ತಲ್ಲೂ ಒಂದು ದೇಶಕ್ಕೆ ಬೋರ್ಡ್ ಮೇಲೆ ಎರಡೇ. ಸರಳ, ಕೆಲಸ ಮಾಡುತ್ತೆ. ಎರಡನೇದು ಕಾಯೋದು, ಸತ್ತ ಕಾಯಿನ ಟರ್ನ್ ಪಟ್ಟಿ ಮೇಲೆ ಮೂರು ಮನೆ ಮುಂದೆ ಇಡೋದು, ಆ ಟರ್ನ್ ಬಂದಾಗ ಮಾತ್ರ ಮತ್ತೆ ಕೊಳ್ಳೋಕೆ ಸಿಗುತ್ತೆ. ಮೂರನೇದು, ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು, ಟ್ರೇನಿಂಗ್. ಎಲೈಟ್‌ನ ನೇರ ಕೊಳ್ಳೋಕಾಗಲ್ಲ. ರಾಜಧಾನಿಯಲ್ಲಿರೋ ಒಂದು ಇನ್ಫೆಂಟ್ರಿನ ಪಕ್ಕಕ್ಕೆ ಮಲಗಿಸಿ 2 ಪಾಯಿಂಟ್ ಕೊಡಿ, ಅದು ಒಂದು ಪೂರ್ತಿ ಟರ್ನ್ ಅಲ್ಲಾಡಲ್ಲ, ಮುಂದಿನ ಟರ್ನ್‌ಗೆ ಎಲೈಟ್ ಆಗಿ ಏಳುತ್ತೆ. ಒಟ್ಟು ಖರ್ಚು ಅದೇ 5, ಆದ್ರೆ ಮುಂದಾಲೋಚನೆ ಬೇಕು, ಮತ್ತೆ ಎದುರಾಳಿಗೂ "ಏನೋ ತಯಾರಾಗ್ತಿದೆ" ಅಂತ ಕಾಣುತ್ತೆ, ಅವನು ತನ್ನ ಹಿಂದಿನ ಮನೆಗಳಿಗೆ ಕಾವಲು ಇಡೋಕೆ ಶುರು ಮಾಡ್ತಾನೆ. ನೀವು ಇಳಿಸೋಕೆ ಮೊದಲೇ ಎಲೈಟ್ ತನ್ನ ಅರ್ಧ ಕೆಲಸ ಮಾಡಿಬಿಟ್ಟಿರುತ್ತೆ!

ಹೆಜ್ಜೆ 6: ಎಲೈಟ್ ಓಡಿಹೋದ್ರೆ ಏನಾಗುತ್ತೆ

ಸ್ಟ್ರಾಟೆಜಿಕ್ (ಇಡೀ ಖಂಡ ಒಂದು ಬೋರ್ಡ್‌ನಲ್ಲಿ ಇರೋ) ಆಟದೋರು ಇದನ್ನ ಬಿಡಬಹುದು, ಮೊರೇಲ್ ಇರೋ ಆಟದೋರು ಬಿಡಬೇಡಿ. ನೆಪೋಲಿಯನ್ 1812ರಲ್ಲಿ ರಷ್ಯಾದ ಬೊರೊಡಿನೊದಲ್ಲಿ ತನ್ನ ಆಯ್ದ ಸೈನಿಕರ ಗಾರ್ಡ್ ಕಾಲಾಳು ಪಡೆನ ಯುದ್ಧಕ್ಕೆ ಬಿಡಲೇ ಇಲ್ಲ, ಸೇನಾಧಿಪತಿಗಳು ಕೇಳಿದ್ರೂ ಬಿಡಲಿಲ್ಲ. 1815ರ ಜೂನ್ 18ರ ಸಂಜೆ ವಾಟರ್ಲೂನಲ್ಲಿ ಬಿಟ್ಟ. ಗಾರ್ಡ್ ಬೆಟಾಲಿಯನ್‌ಗಳು ದಿಣ್ಣೆ ಹತ್ತಿದ್ವು, ಏಟು ತಿಂದು ಹಿಂದಕ್ಕೆ ಬಂದ್ವು. "ಗಾರ್ಡ್ ಹಿಂದೆ ಸರೀತಿದೆ" ಅನ್ನೋ ಕೂಗು ಸಾಲಿಂದ ಸಾಲಿಗೆ ಹಬ್ಬಿ ಇಡೀ ಫ್ರೆಂಚ್ ಸೈನ್ಯ ಕುಸೀತು. ಎಷ್ಟೋ ವರ್ಷ ಗಾರ್ಡ್ ಮೇಲೆ ಇಟ್ಟಿದ್ದ ನಂಬಿಕೆನೇ ಅವತ್ತು ಉಲ್ಟಾ ಹೊಡೀತು, "ಅವರೇ ನಿಲ್ಲಲಿಲ್ಲ ಅಂದ್ರೆ ನಾವೇನು ನಿಲ್ಲೋದು" ಅಂತ.

ಇದನ್ನ ರೂಲ್ ಮಾಡೋದು ಸುಲಭ. ಎಲೈಟ್ ಯೂನಿಟ್ ಮೊರೇಲ್ ಚೆಕ್ ಫೇಲ್ ಆದ್ರೆ, ಅದನ್ನ ನೋಡಬಹುದಾದ, ಎರಡು ಮನೆ ಒಳಗಿರೋ ಸ್ವಂತ ಕಡೆಯ ಎಲ್ಲಾ ಯೂನಿಟ್‌ಗಳೂ ಒಂದೊಂದು ಚೆಕ್ ಮಾಡಬೇಕು. ಈ ಒಂದು ಸಾಲು ಸೇರಿಸಿದ ದಿನ ನಮ್ಮ ಗುಂಪಲ್ಲಿ ಗಾರ್ಡ್ ಬಳಸೋ ರೀತಿನೇ ಬದಲಾಯ್ತು, ಮೊದಲನೇ ಟರ್ನ್‌ಗೇ ಮುಂದೆ ನುಗ್ಗಿಸ್ತಿದ್ದೋರು ಕೊನೇವರೆಗೂ ಹಿಂದೆ ಇಟ್ಕೊಂಡು ಈಗ ಬಿಡ್ಲಾ ಈಗ ಬಿಡ್ಲಾ ಅಂತ ಒದ್ದಾಡೋಕೆ ಶುರು ಮಾಡಿದ್ರು. ನೆಪೋಲಿಯನ್ ಒದ್ದಾಡಿದ್ದೂ ಅದನ್ನೇ. ಯಾರೂ ಹೇಳಿಕೊಡದೇ ಒಬ್ಬ ಆಟಗಾರನಿಗೆ ಆ ಒದ್ದಾಟ ಬಂತು ಅಂದ್ರೆ ರೂಲ್ ಕೆಲಸ ಮಾಡ್ತಿದೆ ಅಂತ.

ಹೆಜ್ಜೆ 7: ರೂಲ್ ಬರೆಯೋದು

ತಲೇಲಿ ಇರೋ ರೂಲ್ ಬೇರೆ, ಹಾಳೆ ಮೇಲಿನ ರೂಲ್ ಬೇರೆ. ನಾನು ಬಳಸೋ ಪ್ಯಾರಾಟ್ರೂಪರ್ ರೂಲ್ ಪೂರ್ತಿ ಕೊಡ್ತೀನಿ, ಇದನ್ನೇ ತಿದ್ದಿ ಬಳಸ್ಕೊಳ್ಳಿ.

ಪ್ಯಾರಾಟ್ರೂಪರ್. ಅಟ್ಯಾಕ್ 2, ಡಿಫೆನ್ಸ್ 3, ನಡೆ 1. ರಾಜಧಾನಿಯ ಇನ್ಫೆಂಟ್ರಿಗೆ 2 ಪಾಯಿಂಟ್ ಕೊಟ್ಟು ಒಂದು ಟರ್ನ್ ಟ್ರೇನಿಂಗ್. ದೇಶಕ್ಕೆ ಎರಡೇ.
ಜಿಗಿತ: ಟರ್ನ್ ಶುರುವಲ್ಲಿ ಸ್ವಂತ ಬಾಂಬರ್ ಜೊತೆ ಒಂದೇ ಮನೆಯಲ್ಲಿದ್ರೆ, ಆ ಬಾಂಬರ್ ಒಂದು ಪ್ಯಾರಾಟ್ರೂಪರ್‌ನ ಮೂರು ಮನೆ ಒಳಗಿನ ಶತ್ರು ಜಾಗಕ್ಕೆ ಇಳಿಸಬಹುದು. ಆ ಟರ್ನ್ ಬಾಂಬರ್ ಬೇರೆ ಯಾವ ದಾಳಿಯೂ ಮಾಡಂಗಿಲ್ಲ.
ವಿಮಾನ ವಿರೋಧಿ ಗನ್ ಇದ್ರೆ ಅದು ಮೊದಲು ಬಾಂಬರ್‌ಗೆ ಹೊಡೆಯುತ್ತೆ. ಬಾಂಬರ್ ಬಿದ್ರೆ ಪ್ಯಾರಾಟ್ರೂಪರ್ ಕೂಡ ಹೋಯ್ತು.
ಜಿಗಿದ ಪ್ಯಾರಾಟ್ರೂಪರ್ ಆ ಯುದ್ಧದಿಂದ ಹಿಂದೆ ಸರಿಯಂಗಿಲ್ಲ, ಮತ್ತೆ ಆ ಯುದ್ಧದ ಮೊದಲ ಹಿಟ್ ಅದಕ್ಕೇ.
ನಿಮ್ಮ ಮುಂದಿನ ಟರ್ನ್ ಕೊನೆಯೊಳಗೆ ನೆಲದ ಮೇಲೆ ಬಂದ ಸ್ವಂತ ಕಾಯಿ ಒಂದಾದ್ರೂ ಅದನ್ನ ಸೇರ್ಕೋಬೇಕು. ಇಲ್ಲ ಅಂದ್ರೆ ಕಾಯಿ ಬೋರ್ಡ್‌ನಿಂದ ಹೊರಗೆ.

ಆ ಕೊನೇ ಸಾಲು ಆರ್ನೆಮ್‌ದು. "ಮೊದಲ ಹಿಟ್ ಅದಕ್ಕೇ" ಅನ್ನೋದು ಯಾಕೆ ಬಂತು ಅಂತ ಹೇಳ್ಬೇಕು. ತುಂಬಾ ಆಟಗಳಲ್ಲಿ ಯಾವ ಕಾಯಿ ಸಾಯ್ಬೇಕು ಅಂತ ಆರಿಸೋದು ಅದರ ಒಡೆಯನೇ. ಹಂಗಾದಾಗ ಪಕ್ಕದ ಮನೆಯಿಂದ ನಾಲ್ಕು ಮಾಮೂಲಿ ಇನ್ಫೆಂಟ್ರಿ ಕರ್ಕೊಂಡು ಬಂದು ಅವರನ್ನೇ ಬಲಿ ಕೊಟ್ಟು ಎಲೈಟ್‌ನ ಕೊನೇವರೆಗೂ ಉಳಿಸ್ಕೋತಾರೆ, ಇಡೀ ಆಟದಲ್ಲಿ ಒಂದು ಎಲೈಟೂ ಸಾಯಲ್ಲ. ಹೆಜ್ಜೆ 5ರಲ್ಲಿ ಕಷ್ಟಪಟ್ಟು ಕಟ್ಟಿದ್ದೆಲ್ಲ ಇಲ್ಲಿ ಸೋರಿಹೋಗುತ್ತೆ. ಶಕ್ತಿ ಬಳಸಿದ ಯುದ್ಧದಲ್ಲಿ ಮೊದಲ ಏಟು ಅದರದ್ದೇ ಅಂತ ಮಾಡಿದ್ರೆ ಜಿಗಿಸೋ ಮೊದಲು ಯೋಚನೆ ಮಾಡ್ತಾರೆ.

ಬರೆದಾದ್ಮೇಲೆ ಆಟಕ್ಕೆ ಸಂಬಂಧವೇ ಇಲ್ಲದ ಯಾರಿಗಾದ್ರೂ ಓದೋಕೆ ಕೊಡಿ. "ಎರಡು ಬಾಂಬರ್ ಇದ್ರೆ ಎರಡು ಜಿಗೀಬಹುದಾ? ಖಾಲಿ ಮನೆಗೆ ಇಳೀಬಹುದಾ? ಇಳಿದ ಮನೆ ಆದಾಯ ನಂಗೇ ಬರುತ್ತಾ? ಆರ್ಟಿಲರಿ ಜೊತೆಗಿದ್ರೆ ಇದರ ಅಟ್ಯಾಕ್ 3 ಆಗುತ್ತಾ?" ಅಂತ ಕೇಳ್ತಾರೆ. ನನ್ನ ಉತ್ತರಗಳು ಹೌದು, ಹೌದು, ಹೌದು, ಇಲ್ಲ. ನಿಮ್ಮದು ಬೇರೆ ಇರಬಹುದು, ಹಾಳೆ ಮೇಲೆ ಇದ್ರೆ ಸಾಕು. ಯುದ್ಧದ ನಡುವೆ ದಾಳ ಕೈಯಲ್ಲಿ ಹಿಡ್ಕೊಂಡು ಇದನ್ನ ಚರ್ಚೆ ಮಾಡೋದು ಬೇಡ.

ಗುರುತಿಗೆ ಬೇರೆ ಬಣ್ಣದ ಕಾಯಿ ಅಥವಾ ಕಾಯಿ ಕೆಳಗೆ ಒಂದು ಚಿಪ್, ಯಾವ್ದೋ ಒಂದು. ಮೇಜಿನ ಆ ತುದಿಯಲ್ಲಿ ಕೂತೋನಿಗೂ ಕಾಣ್ಬೇಕು, ಅಷ್ಟೇ.

ಹೆಜ್ಜೆ 8: ಆಡಿ ನೋಡೋದು, ದಾಳಕ್ಕೆ ಮೋಸ ಹೋಗದೇ

ಒಂದೇ ಆಟ ಆಡಿ "ಎಲೈಟ್ ತುಂಬಾ ಸ್ಟ್ರಾಂಗ್" ಅಂತ ತೀರ್ಮಾನ ಮಾಡೋರಿದ್ದಾರೆ. ಅಟ್ಯಾಕ್ 1ರ ಹನ್ನೆರಡು ದಾಳ ಹಾಕಿದ್ರೆ ಸರಾಸರಿ 2 ಹಿಟ್ ಬರಬೇಕು. ಆದ್ರೆ ಒಂದೂ ಹಿಟ್ ಬರದೇ ಇರೋ ಸಾಧ್ಯತೆ ಶೇಕಡಾ 11, ನಾಲ್ಕು ಅಥವಾ ಜಾಸ್ತಿ ಬರೋ ಸಾಧ್ಯತೆ ಶೇಕಡಾ 12ರ ಮೇಲೆ. ಅಂದ್ರೆ ಹೆಚ್ಚುಕಮ್ಮಿ ನಾಲ್ಕು ಸಲಕ್ಕೆ ಒಂದು ಸಲ ದಾಳ ನಿಮಗೆ ಪೂರ್ತಿ ತಪ್ಪು ಚಿತ್ರ ತೋರಿಸುತ್ತೆ.

ಅದಕ್ಕೆ ಮೊದಲ ಸುತ್ತಿನ ಪರೀಕ್ಷೆ ದಾಳ ಇಲ್ಲದೇ ಮಾಡಿ. ಒಂದು ಕಡೆಯ ಎಲ್ಲಾ ಅಟ್ಯಾಕ್ ನಂಬರ್ ಕೂಡಿ 6ರಿಂದ ಭಾಗಿಸಿ, ಬಂದಷ್ಟು ಹಿಟ್ ಖಾತ್ರಿ, ಶೇಷ ಉಳಿದಿದ್ದಕ್ಕೆ ಮಾತ್ರ ಒಂದು ದಾಳ. ಒಂದೇ ಸಂಜೆ ಒಬ್ಬರೇ ಕೂತು ಎಂಟು ಹತ್ತು ಯುದ್ಧ ಮುಗಿಸಬಹುದು. ಆಮೇಲೆ ಗುಂಪಿನ ಜೊತೆ ನಿಜವಾದ ಆಟ, ಕಮ್ಮಿ ಅಂದ್ರೂ ಎರಡು, ಎರಡನೇದ್ರಲ್ಲಿ ಕಡೆ ಅದಲು ಬದಲು ಮಾಡ್ಕೊಂಡು.

ಗೆದ್ದಿದ್ದು ಯಾರು ಅನ್ನೋದನ್ನ ಬರೆದಿಡಬೇಡಿ, ಅದರಿಂದ ಏನೂ ಗೊತ್ತಾಗಲ್ಲ. ಪ್ರತಿ ಟರ್ನ್‌ಗೆ ಎಷ್ಟು ಎಲೈಟ್ ಕೊಂಡ್ರು, ಎಷ್ಟು ಸಲ ಶಕ್ತಿ ಬಳಸಿದ್ರು, ಎಷ್ಟು ಸತ್ವು, ಇಷ್ಟು ಬರೀರಿ. ಎಲ್ರೂ ಮೊದಲ ಟರ್ನ್‌ಗೇ ಮಿತಿ ಇರೋವಷ್ಟೂ ತಯಾರು ಮಾಡಿದ್ರೆ ಬೆಲೆ ಕಮ್ಮಿ ಆಯ್ತು. ಯಾರೂ ಮುಟ್ಟಲಿಲ್ಲ ಅಂದ್ರೆ ಜಾಸ್ತಿ ಆಯ್ತು, ಅಥವಾ ಆ ಶಕ್ತಿ ಬೇಕಾಗೋ ಸಂದರ್ಭವೇ ಆ ಬೋರ್ಡ್ ಮೇಲೆ ಬರಲ್ಲ. ಮೂರನೇದು ಸ್ವಲ್ಪ ಸೂಕ್ಷ್ಮ: ಕೊಳ್ತಾರೆ, ಆದ್ರೆ ರಾಜಧಾನಿಯಲ್ಲೇ ಕೂರಿಸಿರ್ತಾರೆ, ಆಟ ಮುಗಿಯೋವರೆಗೂ ಬಳಸಲ್ಲ. ಆಗ ಬೆಲೆ ಮುಟ್ಟಬೇಡಿ, ಅಪಾಯ ಜಾಸ್ತಿ ಆಗಿದೆ ಅಂತ ಅರ್ಥ, ಸೇರ್ಕೊಳ್ಳೋ ಗಡುವನ್ನ ಇನ್ನೊಂದು ಟರ್ನ್ ಮುಂದೆ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ನಂಬರ್ ಬದಲಾಯಿಸಿ, ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗೋದೇ ಇಲ್ಲ.

ಹೆಜ್ಜೆ 9: ಮೇಜಿಗೆ ತರೋದು

ಆಟ ಶುರುವಾಗೋ ಮೊದಲು ಎಲ್ರಿಗೂ ಹಾಳೆ ಕೊಡಿ, ಆಟದ ಮಧ್ಯೆ ಒಂದಕ್ಷರ ಬದಲಾಯಿಸೋದು ಬೇಡ, ಎಷ್ಟೇ ಕೆಟ್ಟದಾಗಿ ಹೋಗ್ತಿದ್ರೂ. ರೂಲ್ ಬರೆದೋರು ನೀವೇ ಆಗಿದ್ರೆ ಮೊದಲ ಆಟದಲ್ಲಿ ಆ ಯೂನಿಟ್‌ನ ಎದುರಾಳಿ ಕಡೆಗೆ ಬಿಟ್ಟುಕೊಡಿ, ಅದರ ಏಟು ನೀವೇ ತಿಂದಾಗ ಎಲ್ಲಿ ಅನ್ಯಾಯ ಆಗ್ತಿದೆ ಅಂತ ಬೇಗ ಗೊತ್ತಾಗುತ್ತೆ. ಹಾಳೆ ಮೇಲೆ ಎಷ್ಟನೇ ಆವೃತ್ತಿ ಅಂತ ನಂಬರ್ ಹಾಕಿ, ಹಳೇ ಹಾಳೆ ಎಸೀಬೇಡಿ. ನನ್ನ ಪ್ಯಾರಾಟ್ರೂಪರ್ ಈಗ ಏಳನೇ ಆವೃತ್ತಿಯಲ್ಲಿದೆ, ಐದನೇದ್ರಲ್ಲಿ ತೆಗೆದುಹಾಕಿದ್ದ ಟ್ರೇನಿಂಗ್ ರೂಲ್ ಆರನೇದ್ರಲ್ಲಿ ವಾಪಸ್ ಬಂತು, ಹಳೇ ಹಾಳೆ ಇದ್ದಿದ್ರಿಂದ ಮತ್ತೆ ಬರೆಯೋದು ತಪ್ತು.